ಸೇತುವೆ ದಾಟೋಣ ಬನ್ನಿ

ಲಿಗುವಾಸನ್ ಜೌಗಿನ ಅಂಚಿಗೆ ನಮ್ಮೂರು.
ನೀರು ಏರಿದರೆ ಅರ್ಧ, ಇಳಿದರೆ ಇಡೀ.
ಗುಂಡಿನ ಸದ್ದು ಬಂದರೆ ಊರೇ ಇಲ್ಲ.

ನಮ್ಮಲ್ಲೊಂದು ಮಾತಿದೆ: ಬಕ್ವಿತ್.
ಯಾರದೋ ಭಾಷೆಯಿಂದ ಓಡಿಬಂದ ಪದ,
ನಮ್ಮ ಹಾಗೇ, ಅರ್ಧ ಅಕ್ಷರ ದಾರಿಯಲ್ಲೇ ಬಿಟ್ಟು.
ಅಂದರೆ, ಅನ್ನ ಒಲೆಯ ಮೇಲೆ ಕುದಿಯುತ್ತಿರುವಾಗಲೇ
ಮಗುವನ್ನೆತ್ತಿಕೊಂಡು ದೋಣಿಗಿಳಿಯುವುದು.
ನನಗೆ ಮೂವತ್ತೊಂದು ವರ್ಷ, ಹನ್ನೊಂದು ಬಕ್ವಿತ್.
ಅಮ್ಮ ಎಣಿಸುವುದನ್ನೇ ಬಿಟ್ಟಿದ್ದಾಳೆ.

ಆ ಗುರುವಾರ ಬರಂಗಾಯ್ ಸಭೆ.
ಕಚೇರಿ ಗೋಡೆಯಲ್ಲಿ ಹಳೇ ಗುಂಡಿನ ತೂತು,
ಅದರೊಳಗೆ ಕಣಜದ ಗೂಡು.
ಹೆಂಗಸರಿಗೆಂದು ಇದ್ದದ್ದು ಒಂದೇ ಬೆಂಚು.
ಹಾಗಾಗಿ ಮೇಲ್ದಂಡೆಯವರೂ ಕೆಳದಂಡೆಯವರೂ
(ಇವರ ಅಣ್ಣ ಅವರ ಗಂಡನನ್ನು,
ಅವರ ಮೈದುನ ಇವರ ಮಗನನ್ನು,
ಈ ಲೆಕ್ಕ ಊರಿಗೆಲ್ಲ ಬಾಯಿಪಾಠ)
ತೊಡೆಗೆ ತೊಡೆ ತಾಗಿಸಿ ಕೂರಬೇಕಾಯಿತು.
ಸಂಧಾನ ಗಿಂಧಾನ ಅಂತ ಯಾರೂ ಅನ್ನಲಿಲ್ಲ.
ಬೆಂಚು ಸಣ್ಣದಿತ್ತು, ಅಷ್ಟೆ.

ಬರೆದುಕೊಳ್ಳುವವಳು ನಾನು, ನೋರ್ಹಾತಾ.
ಖಜಾಂಚಿ ಮೂಗಿನಲ್ಲೇ ಓದುತ್ತಿದ್ದ:
ಕಾಲುಸೇತುವೆ, ನಲವತ್ತು ಮೀಟರು, ಪೂರ್ಣಗೊಂಡಿದೆ.
ಹಿಂದಿನ ಪುಟ ತಿರುಗಿಸಿದೆ. ಹೋದ ವರ್ಷವೂ ಪೂರ್ಣ.
ಅದರ ಹಿಂದಿನ ವರ್ಷವೂ.
ಮೂರು ಸಲ ಮುಗಿದ ಸೇತುವೆ,
ಒಂದು ಸಲವೂ ಶುರುವಾಗದ್ದು.

ಇದನ್ನು ಬೆಂಚಿಗಷ್ಟೇ ಕೇಳುವಂತೆ ಹೇಳಿದೆ.
ಸಗೀರಾ ಚಿಕ್ಕಮ್ಮ ಎದ್ದಳು. ಮೀನು ಮಾರುವವಳು,
ಓದು ಬಾರದವಳು, ತಕ್ಕಡಿಗೆ ಮೋಸ ಹೋಗದವಳು.
ದನಿ ಏರಿಸಲಿಲ್ಲ.
"ಮುಗಿದಿದ್ದರೆ ಸಂತೋಷ, ಕಪಿತಾನ್ ಸಲಿಪುದಿನ್.
ಹೊಸ ಸೇತುವೆಗೆ ಮೊದಲ ಹೆಜ್ಜೆ ಹಿರಿಯರದ್ದು.
ಬನ್ನಿ, ದಾಟೋಣ."

ಬಾಗಿಲಲ್ಲಿ ನಿಂತಿದ್ದ ಬಂದೂಕುಗಳು
ಒಂದರ ಮುಖ ಒಂದು ನೋಡಿಕೊಂಡವು.
ಅವುಗಳಲ್ಲೊಂದು ಸಗೀರಾಳ ತಂಗಿಯ ಮೊಮ್ಮಗನ ಹೆಗಲಲ್ಲಿತ್ತು.
ಅವನು ಅದನ್ನು ಗೋಡೆಗೊರಗಿಸಿ
ದೋಣಿಯ ಹುಟ್ಟು ತಂದ.

ಹದಿನೇಳು ದೋಣಿ ಹೊರಟವು.
ಓಡಿಹೋಗುವುದಕ್ಕಲ್ಲದೆ
ಊರೆಲ್ಲ ಒಟ್ಟಿಗೆ ನೀರಿಗಿಳಿದದ್ದು ಅದೇ ಮೊದಲು.
ಹೋದ ಬಕ್ವಿತ್‌ನ ರಾತ್ರಿ ದೋಣಿ ಸಾಲದೆ
ಇದೇ ಕಾಲುವೆಯಲ್ಲಿ ಯಾರನ್ನು ಬಿಟ್ಟುಬಂದೆವೆಂದು
ನಾನು ಬರೆಯುವುದಿಲ್ಲ.
ಆ ಹೆಸರುಗಳಿಗೆ ಬೆಂಚಿನ ಎರಡು ತುದಿಯೂ ಅಳುತ್ತದೆ.

ಎರಡು ದಡದ ನಡುವೆ ಸಗೀರಾ ಹುಟ್ಟು ನಿಲ್ಲಿಸಿದಳು.
ಸುತ್ತ ಅಂತರಗಂಗೆ, ನೇರಳೆ ಹೂ.
"ಇಲ್ಲೇ ಇಳಿಯಿರಿ. ಕಾಗದದಲ್ಲಿ ಇಲ್ಲೇ ಇದೆ."
ಕಪಿತಾನ್ ನೀರು ನೋಡಿದ. ತನ್ನ ಬೂಟು ನೋಡಿದ.
ಯಾರೂ ನಗಲಿಲ್ಲ.
ಒಂದು ಮಗು ಮಾತ್ರ ಕೇಳಿತು:
ಸೇತುವೆ ಮುಳುಗಿದೆಯಾ?

ಅಷ್ಟಕ್ಕೇ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ.
ಆರು ತಿಂಗಳಲ್ಲಿ ಒಂಬತ್ತು ಕಂಬ ಎದ್ದಿವೆ,
ಹಲಗೆ ಇನ್ನೂ ಇಲ್ಲ. ಕಂಬದ ಮೇಲೆ ಕೊಕ್ಕರೆ ಕೂರುತ್ತದೆ.
ಒಂದು ರಾತ್ರಿ ನಮ್ಮನೆ ಮೆಟ್ಟಿಲ ಮೇಲೆ
ಯಾರೋ ಎರಡು ಗುಂಡು ಇಟ್ಟು ಹೋಗಿದ್ದರು, ಜೋಡಿಸಿ,
ಮದುವೆಗೆ ಕರೆಯಲು ಬಂದವರ ಹಾಗೆ.
ಆಮೇಲೆ ಲೆಕ್ಕವನ್ನು ಪುಸ್ತಕದಲ್ಲಷ್ಟೇ ಇಡುವುದು ಬಿಟ್ಟೆವು.
ಕಚೇರಿ ಗೋಡೆಗೆ ಇದ್ದಿಲಲ್ಲಿ ಬರೆಯುತ್ತೇವೆ,
ಕಣಜದ ಗೂಡಿನ ಪಕ್ಕ:
ಬಂದದ್ದು ಇಷ್ಟು, ಹೋದದ್ದು ಇಷ್ಟು, ಕೇಳಬೇಕಾದ್ದು ಇಷ್ಟು.
ಗೋಡೆಯನ್ನು ಯಾರೂ ಬೀರುವಿಗೆ ಹಾಕಿ ಬೀಗ ಜಡಿಯಲಾರರು.
ಮಳೆಗೆ ಅಳಿಸಿದರೆ ಮತ್ತೆ ಬರೆಯುತ್ತೇವೆ.
ಇದ್ದಿಲಿಗೇನು ಬರವೆ,
ಸುಟ್ಟ ಮನೆಗಳ ಊರಲ್ಲಿ?

ಮೊನ್ನೆ ಕಪಿತಾನ್ ಎರಡನೇ ಬೆಂಚು ಕೊಡಿಸಿದ.
ಗೌರವವೋ ಉಪಾಯವೋ ತಿಳಿಯದು.
ಹೆಂಗಸರು ಸುಮ್ಮನೆ ಎದ್ದು,
ಮೇಲ್ದಂಡೆ ಇತ್ತ, ಕೆಳದಂಡೆ ಅತ್ತ,
ನಡುವೆ ಒಂದು ಕಾಲುವೆಯಷ್ಟು ಜಾಗ ಬಿಟ್ಟು ಹಂಚಿ ಕೂತರು.
ತಡವಾಗಿ ಬಂದ ಸಗೀರಾ ಇತ್ತ ನೋಡಿದಳು, ಅತ್ತ ನೋಡಿದಳು.
"ಏಳ್ರೇ" ಎಂದು ಎಬ್ಬಿಸಿ
ಹೊಸ ಬೆಂಚಿನ ತುಂಬ ಮೀನಿನ ಬುಟ್ಟಿ ಹರವಿದಳು.

ನಡವಳಿಯಲ್ಲಿ ಇದನ್ನೂ ಬರೆದಿದ್ದೇನೆ.