ಎರಡು ಪೌಂಡ್ ನಲವತ್ತಕ್ಕೆ ಒಂದು ಗಂಟೆ

ಗುರುವಾರ ಹನ್ನೊಂದಕ್ಕೆ ಸರಿಯಾಗಿ
ಹಲ್ ಪಟ್ಟಣದ ಹಳೇ ಹಡಗುಕಟ್ಟೆಯ ಪಾರ್ಕಿಂಗಿಗೆ
ಎರಡು ಕಾರು ಬರುತ್ತಿದ್ದವು.
ಒಂದು ಆಕ್ಸ್‌ಟಬಿಯದು, ನೀಲಿ, ಬಾಗಿಲಿಗೆ ತುಕ್ಕು.
ಇನ್ನೊಂದು ಸ್ಟ್ಯಾದರ್ಸನದು. ಅದಕ್ಕೂ ತುಕ್ಕು,
ಅವನು ಒಪ್ಪುವುದಿಲ್ಲ ಅಷ್ಟೆ.

ನನ್ನದು ಮೂಲೆಯ ಚಹಾ ಗಾಡಿ.
ಹಂಬರ್ ನದಿಯ ಗಾಳಿಗೆ ಬೆನ್ನು ಕೊಟ್ಟು
ಹದಿನಾಲ್ಕು ವರ್ಷದಿಂದ ನಿಂತಿದೆ.
ಇಬ್ಬರ ಲೋಟಕ್ಕೂ ಸಕ್ಕರೆ ಎಷ್ಟೆಂದು ಗೊತ್ತು,
ಇಬ್ಬರ ಓಟೂ ಗೊತ್ತು.
ನನ್ನದು ಯಾವ ಕಡೆಗೆ ಬಿತ್ತೆಂದು
ಇವತ್ತಿನವರೆಗೆ ಒಬ್ಬನೂ ಕೇಳಿಲ್ಲ.

ಮೊದಲು ಮೀನು. ಯಾವಾಗಲೂ ಮೀನಿನಿಂದಲೇ ಶುರು.
"ನಮ್ಮ ಕಡಲು, ನಮ್ಮ ಕಾಡ್ ಮೀನು," ಅನ್ನುತ್ತಾನೆ ಆಕ್ಸ್‌ಟಬಿ.
ಅವನಪ್ಪ ಐಸ್‌ಲ್ಯಾಂಡಿನ ಆಚೆಯ ನೀರಿನಲ್ಲಿ
ಎರಡು ಬೆರಳು ಬಿಟ್ಟು ಬಂದಿದ್ದ.
"ಬಂತಾ ಮೀನು? ಬಂತಾ ನಿನ್ನ ತಟ್ಟೆಗೆ?"
ಆಮೇಲೆ ಬಂದರಿನಲ್ಲಿ ಲಾರಿಗಳ ಸಾಲು,
ಆಮೇಲೆ ಟೊಮೇಟೊ,
ಆಮೇಲೆ ಪಾಸ್‌ಪೋರ್ಟಿನ ಬಣ್ಣ.
ಎತ್ತು ಏರಿಗೆ, ಕೋಣ ನೀರಿಗೆ.
ನೊಗ ಮಾತ್ರ ಒಂದೇ, ಬಿಚ್ಚುವವರಿಲ್ಲ.

ಐವತ್ತನೇ ನಿಮಿಷಕ್ಕೆ ಇಬ್ಬರೂ ಒಟ್ಟಿಗೆ
ಕೈಗಡಿಯಾರ ನೋಡಿಕೊಳ್ಳುತ್ತಾರೆ.
ದೇಶ ಅಲ್ಲಿಗೇ ನಿಲ್ಲುತ್ತದೆ, ಅರ್ಧ ವಾಕ್ಯದಲ್ಲಿ.
"ಗಂಟೆಗೆ ಎರಡು ನಲವತ್ತು! ಹಗಲು ದರೋಡೆ."
"ಹೌದಪ್ಪಾ, ದರೋಡೆ."
ಎಂಟು ವರ್ಷದಲ್ಲಿ ಅವರು ಒಪ್ಪಿದ್ದು ಇದೊಂದೇ.
ಅದರಲ್ಲೂ ತಕರಾರು: ತಪ್ಪು ಕೌನ್ಸಿಲಿನದೋ,
ಲಂಡನ್ನಿನದೋ, ಬ್ರಸೆಲ್ಸಿನದೋ.
ಬ್ರಸೆಲ್ಸಿಗೂ ಈ ಡಬ್ಬಿಗೂ ಏನು ಸಂಬಂಧ
ಎಂದು ಒಮ್ಮೆ ನಾನೇ ಕೇಳಿದೆ.
ಆಕ್ಸ್‌ಟಬಿ ಬಹಳ ಹೊತ್ತು ಯೋಚಿಸಿ ಹೇಳಿದ:
"ಇರಬೇಕು."

ಉಳಿಯಲಿಕ್ಕೆ ದುಡ್ಡು,
ಹೊರಡಲಿಕ್ಕೆ ತಡೆಗೋಲು,
ಯಾರನ್ನು ಬೈಯುವುದು ಹೇಳಿ.

ಮೊದಲೆಲ್ಲ ಟಿಕೆಟ್ಟಿನಲ್ಲಿ ಹೊತ್ತು ಮಿಕ್ಕಿದರೆ
ಹೊರಡುವವರು ಆಗಷ್ಟೇ ಬಂದವರ ಕೈಗಿಟ್ಟು ಹೋಗುತ್ತಿದ್ದರು.
ಇಪ್ಪತ್ತು ನಿಮಿಷ, ಬಿಟ್ಟಿ.
ಕೊಟ್ಟವರ ಹೆಸರು ಗೊತ್ತಿಲ್ಲ, ಪಕ್ಷ ಗೊತ್ತಿಲ್ಲ.
ಮೀನು ಕೊಯ್ಯುವ ಕಾರ್ಖಾನೆಯ ರಾಸಾ,
ಲಿಥುವೇನಿಯಾದವಳು,
ಎಷ್ಟು ಸಲ ಹಾಗೆ ತೆಗೆದುಕೊಂಡಿದ್ದಾಳೆ
ಆಕ್ಸ್‌ಟಬಿಯ ಕೈಯಿಂದಲೇ,
ಅವಳು ಬಂದದ್ದೇ ತಪ್ಪೆಂದು
ಒಂದು ಗಂಟೆ ವಾದಿಸಿ ದಣಿದ ಕೈಯಿಂದ.

ಈಗಿನ ಮೆಷೀನು ಕಾರಿನ ನಂಬರು ಕೇಳುತ್ತದೆ.
ನಿನ್ನ ಹೊತ್ತು ನಿನ್ನದೇ,
ಮಿಕ್ಕರೂ ದಾನಕ್ಕೆ ಬಾರದು.
ಅದನ್ನು ನೆಟ್ಟ ಚಳಿಗಾಲದಲ್ಲೇ
ರಾಸಾ ಊರಿಗೆ ಹೊರಟುಹೋದಳು.
ಎರಡಕ್ಕೂ ಸಂಬಂಧವಿಲ್ಲ, ನನಗೆ ಗೊತ್ತು.

ಮಾರ್ಚಿಯಲ್ಲಿ ಆಕ್ಸ್‌ಟಬಿಯ ಕಣ್ಣು ಮಂಜಾಯಿತು,
ಲೈಸೆನ್ಸ್ ಹೋಯಿತು.
ಎರಡು ಗುರುವಾರ ಸ್ಟ್ಯಾದರ್ಸ್ ಒಬ್ಬನೇ ಬಂದು
ಚಹಾ ಆರಿಸಿಕೊಂಡು ಕುಡಿದ.
ಎದುರು ವಾದಿಸುವವನಿಲ್ಲದೆ ಅವನ ಮಾತೂ
ಗಿರಾಕಿಯಿಲ್ಲದ ತಕ್ಕಡಿಯಂತೆ ಒಂದೇ ಕಡೆ ವಾಲಿತ್ತು.
ಮೂರನೆಯದಕ್ಕೆ, ನೋಡುತ್ತೇನೆ,
ಪಕ್ಕದ ಸೀಟಿನಲ್ಲಿ ಆಕ್ಸ್‌ಟಬಿ,
ಬೆಲ್ಟು ಬಿಗಿದುಕೊಂಡು, ಕೋಪದಲ್ಲಿ.
"ಬಾಗಿಲಿಗೆ ತುಕ್ಕು," ಇಳಿಯುತ್ತಲೇ ಹೇಳಿದ.
"ನಿನಗೆ ಕಣ್ಣು ಕಾಣಿಸುವುದಿಲ್ಲ," ಎಂದ ಸ್ಟ್ಯಾದರ್ಸ್.

ಎರಡು ಕಾರಿನ ದುಡ್ಡಿಗೆ
ಈಗ ಒಂದೇ ಕಾರು, ಎರಡು ಗಂಟೆ.
ಮೊದಲನೆಯದು ಎಂದಿನಂತೆ: ಮೀನು, ಲಾರಿ, ಬಣ್ಣ.
ಎರಡನೆಯದರಲ್ಲಿ ಏನು ಮಾಡಬೇಕೆಂದೇ
ಇಬ್ಬರಿಗೂ ತಿಳಿಯಲಿಲ್ಲ.
ಇಳಿತದ ಹೊತ್ತು. ನದಿ ಹಿಂದೆ ಸರಿದು
ಕೆಸರು ಹೊಳೆಯುತ್ತಿತ್ತು, ಇವರ ಮಾತಿನಲ್ಲಿ
ಇಷ್ಟು ವರ್ಷ ಮುಳುಗಿದ್ದ ಕೆಸರು.
"ಆ ಹುಡುಗಿ, ರಾಸಾ, ಹೇಗಿದ್ದಾಳಂತೆ?"
ಆಕ್ಸ್‌ಟಬಿ ಕೇಳಿದ, ನನ್ನನ್ನೋ, ನದಿಯನ್ನೋ.
ನನಗೆ ಗೊತ್ತಿರಲಿಲ್ಲ.

ಟಿಕೆಟ್ಟಿನಲ್ಲಿ ಇನ್ನೂ ಹನ್ನೊಂದು ನಿಮಿಷವಿತ್ತು.
ಯಾರಿಗೂ ಕೊಡುವಂತಿರಲಿಲ್ಲ.
ತಟ್ಟೆಯಲ್ಲಿ ಬಿಡಬಾರದೆಂದು ಉಣ್ಣುವವರ ಹಾಗೆ
ಇಬ್ಬರೂ ಕೂತು ಮುಗಿಸಿದರು.