ಲೇಬಲ್ಲು

ದಿನಕ್ಕ ನಾನೂರು ಲೇಬಲ್ಲು ಹಚ್ಚತೀನಿ ನಾನು
ಬಳ್ಳಾರಿ ಕೌಲ್ ಬಜಾರದಾಗ, ತಗಡಿನ ಮಾಡಿನ ಕೆಳಗ.
ಮೂವತ್ತು, ಮೂವತ್ತೆರಡು, ಮೂವತ್ನಾಕು.
ಯಾರ ನಡಾನೋ, ಯಾವ ಊರೋ.

ರಾತ್ರಿ ಮನ್ಯಾಗ ಕುಂತು
ಮಗಳ ಅಂಗಿ ಲೇಬಲ್ಲು
ಬ್ಲೇಡು ಹಿಡದು ಬಿಚ್ಚತೀನಿ.
ಹುಲಿಗೆಮ್ಮಗ ಕೊರಳ ಹಿಂದ ಅದು ತಾಕಿದ್ರ
ಕೆಂಡ ಇಟ್ಟಂಗ.
ಒಂದ ಎಳಿ ಉಳದ್ರೂ ಅಕಿಗೆ ಗೊತ್ತಾಗತೈತಿ,
ನನಗ ಗೊತ್ತಾಗಿರಲಿಲ್ಲ.
ಮೂರು ವರ್ಷ ಹಟಾ ಅಂದಕೊಂಡೆ.
ಒಂದಿನ ಹೊಡದೆ.
ಅದನ್ನ ಯಾವ ಬ್ಲೇಡಿನಿಂದ ಬಿಚ್ಚಲಿ?

ದೊಡ್ಡಾಸ್ಪತ್ರಿ ಡಾಕ್ಟರಮ್ಮ ಆಟಿಸಂ ಅಂದ್ಲು.
ಅತ್ತಿ, ಗಾಳಿ ಅಂದ್ಲು.
ಓಣಿ ಮಂದಿ ಅಂದಿದ್ದು ಇಲ್ಲಿ ಬ್ಯಾಡ.
ಡಾಕ್ಟರಮ್ಮನ ಮಾತು ಇಟಗೊಂಡೆ,
ಯಾಕಂದ್ರ ಅದನ್ನ ಅಂದಮ್ಯಾಲ ಅಕಿ ಬಗ್ಗಿ
"ಹುಲಿಗೆಮ್ಮಾ, ಇವತ್ತಿಗೆ ಸಾಕೇನು?" ಅಂತ
ಮಗಳನ್ನ ಕೇಳಿದ್ಲು,
ಕೇಳಿ, ಕಾದ್ಲು.
ಹೊರಗ ಎಷ್ಟು ಮಂದಿ ಪಾಳೇಕ್ಕ ನಿಂತಿದ್ರು!

ಫ್ಯಾನಿನ ನೆರಳಿನಾಗ ಬೆರಳು ಆಡಸತಾಳ.
ಮಷೀನು ಯಾವ ಸುರದಾಗ ಓಡತೈತೋ ಅದೇ ಸುರ ಗುನುಗತಾಳ,
ಕರೆಂಟು ಹೋಗಿ ಎಲ್ಲಾ ನಿಂತ್ರೂ
ಅಕಿದು ನಿಲ್ಲಂಗಿಲ್ಲ.
ಕಣ್ಣಾಗ ಕಣ್ಣಿಟ್ಟು ನೋಡಂಗಿಲ್ಲ, ಖರೆ.
ನನ್ನ ಬಳಿ ನೋಡತಾಳ, ಎಣಸತಾಳ,
ಒಂದು ಒಡದಿದ್ರ
ಆವತ್ತು ಉಣ್ಣಂಗಿಲ್ಲ.

ಮೇಸ್ತ್ರಿ ರಜಾಕಸಾಬ ಮೊನ್ನೆ ನಿಂತು ನೋಡಿದ:
ಹಿತ್ತಾಳಿ ಗುಂಡಿ ನೆಲದ ಮ್ಯಾಲ ಸಾಲಾಗಿ,
ಮಸುಕಿನಿಂದ ಹೊಳಪಿನ ತನಕ.
"ಕಣ್ಣು ಬಂಗಾರ ಇಕಿದು, ಮುಂದ ಕೆಲಸಕ್ಕ ಬರತಾಳ,
ಚಿಂತಿ ಬಿಡು ತಂಗಿ" ಅಂದ.
ಛಲೋ ಮನಶ್ಯಾ.
ಕೆಲಸಕ್ಕ ಬರದಿದ್ರ? ಅಂತ ನಾ ಕೇಳಲಿಲ್ಲ.
ಆ ಗುಂಡಿ ಯಾವ ಪ್ಯಾಂಟಿಗೂ ಅಲ್ಲಣ್ಣಾ,
ಕಿಡಕ್ಯಾಗಿಂದ ನಾಕು ಗಂಟೆ ಬಿಸಲು ಬರತೈತಲ್ಲ,
ಅದಕ್ಕ.

"ಎಲ್ಲಾರಂಗ ಯಾವಾಗ ಆಗತಾಳ?"
ಬಂದಾಗೊಮ್ಮೆ ನಾದಿನಿ ಕೇಳತಾಳ.
ಪ್ಯಾಂಟು ಗಿಡ್ಡಾದ್ರ ಮಡಚಿದ್ದು ಬಿಚ್ಚತೀವಿ ನಾವು,
ಕಾಲು ಕತ್ತರಸಂಗಿಲ್ಲವಾ.
ಇದನ್ನ ಹೇಳಾಕ ನನಗ
ಆರು ವರ್ಷ ಹಿಡೀತು.

ಈಗ ಅಕಿ ಅಂಗಿ ಒಳಮಗ್ಗಲ ಹೊರಗ ಮಾಡಿ ತೊಡತಾಳ,
ಹೊಲಿಗಿ ಎಲ್ಲಾ ಮಂದಿ ಕಡೆ, ಮೆತ್ತಂದು ತನ್ನ ಕಡೆ.
ತಿದ್ದಾಕ ಹೋಗಂಗಿಲ್ಲ.
ನಿನ್ನೆ ರಾತ್ರಿ, ಯಾರೂ ಇಲ್ಲದಾಗ,
ನನ್ನ ಕುಬಸಾನೂ ಹಂಗ ತಿರಗಿಸಿ ತೊಟಗೊಂಡು ಕುಂತೆ.
ಹಿತ ಆತು.

ಅಕಿ ಬಂದ್ಲು. ಮಾತಿಲ್ಲ.
ನನ್ನ ಭುಜದ ಹೊಲಿಗಿ ಮ್ಯಾಲ ಒಂದ ಬೆರಳು
ಈ ತುದಿಯಿಂದ ಆ ತುದಿಗೆ ಎಳದ್ಲು,
ಒಂದು ಸಲ.
ಮತ್ತೊಂದು ಸಲ.