ಅಡಿಟಿಪ್ಪಣಿ ೧೧೭

ಅವೆನ್ಯೂ ರಸ್ತೆ, ಎರಡನೇ ಮಹಡಿ.
ಬೈಂಡಿಂಗ್ ಅಂಟಿನ ವಾಸನೆ ನಮಗಿಂತ ಮೊದಲು ಹತ್ತುವ ಮೆಟ್ಟಿಲು.
ಇಪ್ಪತ್ತೆರಡು ವರ್ಷದಲ್ಲಿ ನಾನು ಟೈಪು ಮಾಡದ ವಿಷಯವಿಲ್ಲ:
ರೇಷ್ಮೆಹುಳುವಿನ ರೋಗ, ಸಹಕಾರ ಸಂಘಗಳ ಲೆಕ್ಕ,
ಹಳಗನ್ನಡದ ವಿಭಕ್ತಿ.
ಓದಿದ್ದು ಒಂದೂ ಇಲ್ಲ.
ಬೆರಳು ಓದುತ್ತದೆ, ತಲೆಗೆ ರಜೆ.

ಸಬೀಹಾ ಮೇಡಂ ತಂದ ಕಟ್ಟು ಮಾತ್ರ
ಬೆರಳನ್ನು ತಡೆಯಿತು.
ಪುಟದ ಮೇಲೆ ನಾಲ್ಕು ಸಾಲು,
ಕೆಳಗೆ ಇರುವೆ ಹರಿದ ಹಾಗೆ ಮೂವತ್ತು:
ಇವರು ಅವರಿಂದ ಕೇಳಿದರು, ಅವರು ತಮ್ಮ ಸೋದರತ್ತೆಯಿಂದ,
ಅತ್ತೆ ಬಸ್ರಾದ ನೇಕಾರನೊಬ್ಬನಿಂದ...
‘ಮಾತು ಎಲ್ಲಿ ಮೇಡಂ?’ ಅಂದೆ.
‘ಇದೇ ಮಾತು.
ಯಾರು ಹೇಳಿದರು ಅನ್ನೋದು ಮೊದಲು,
ಏನು ಹೇಳಿದರು ಅನ್ನೋದು ಆಮೇಲೆ.
ಈಗಿನ ಚರಿತ್ರೆಕಾರರು ಕಾಗದ ನಂಬುತ್ತಾರೆ.
ಇವರು ಬಾಯಿ ನಂಬಿದರು,
ಆದರೆ ಆ ಬಾಯಿಯ ಊರು, ಕಸುಬು,
ಮುಪ್ಪಿನಲ್ಲಿ ಮರೆವು ಬಂದಿತ್ತೇ ಅಂತೆಲ್ಲ ವಿಚಾರಿಸಿಕೊಂಡು.
ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡ್ತಿದ್ದೀನಿ, ಅಷ್ಟೇ.’

ಆ ‘ಅಷ್ಟೇ’ ನಾನೂರ ಹನ್ನೆರಡು ಪುಟ.

ಅರಬ್ಬಿ ಪದ ಬಂದ ಕಡೆಯೆಲ್ಲ
ಕಂಪ್ಯೂಟರಿಗೆ ದಿಕ್ಕು ತಪ್ಪುತ್ತಿತ್ತು.
ಕನ್ನಡ ಎಡದಿಂದ ಹೊರಡುವುದು, ಅದು ಬಲದಿಂದ.
ನಡುವೆ ಕರ್ಸರ್, ಬಳೇಪೇಟೆ ಚೌಕಕ್ಕೆ ಹಾಕಿದ
ಹೊಸ ಟ್ರಾಫಿಕ್ ಪೇದೆಯಂತೆ
ಯಾರಿಗೆ ಕೈ ತೋರಿಸಲಿ ಎಂದು ಮಿಣುಕುವುದು.
ಆವರಣ ಚಿಹ್ನೆಗಳು ಬೆನ್ನು ತಿರುಗಿಸಿದವು.
ಪೂರ್ಣವಿರಾಮವೊಂದು ಸಾಲಿನ ಮೊದಲಿಗೇ ಹೋಗಿ ಕೂತಿತು,
ಕರೆಯುವ ಮುಂಚೆ ಊಟಕ್ಕೆ ಕೂತ ನೆಂಟನ ಹಾಗೆ.

ಒಂದು ರಾತ್ರಿ ಕರೆಂಟು ಹೋಗಿ ಬಂದು
ನೂರ ಹದಿನೇಳರಲ್ಲಿ ಒಬ್ಬರನ್ನು ಬಿಟ್ಟೆ.
ಏಳು ಜನರಲ್ಲಿ ಒಬ್ಬರು. ಯಾರು ನೋಡುತ್ತಾರೆ?
ಮಾರನೆಯ ಸಂಜೆ, ಮಾರುಕಟ್ಟೆ ಕಡೆಯಿಂದ ಅಜಾನ್
ಹಾರ್ನುಗಳ ನಡುವೆ ದಾರಿ ಮಾಡಿಕೊಂಡು ಬರುವ ಹೊತ್ತಿಗೆ,
ಅವರು ಪ್ರೂಫು ಹಿಡಿದು ನಿಂತಿದ್ದರು.
ಬಯ್ಯಲಿಲ್ಲ.
‘ನಡುವಿನವರು ಬಿದ್ದರೆ ಈಚೆಯ ಮೂವರು
ಆಚೆಯ ಮೂವರನ್ನು ಕಂಡೇ ಇಲ್ಲ ಅಂತಾಗುತ್ತೆ, ಮರಿಸ್ವಾಮಿಯವರೇ.’

ಬಿದ್ದುಹೋದದ್ದು ಒಬ್ಬ ಹೆಂಗಸು. ಹೆಸರೂ ಇರಲಿಲ್ಲ,
‘ಕೂಫಾದ ದರ್ಜಿಯ ತಾಯಿ’ ಎಂದಷ್ಟೇ.
ಮತ್ತೆ ಹೊಡೆದೆ, ಈ ಸಲ ನಿಧಾನವಾಗಿ,
ಮಂದ ಬೆಳಕಲ್ಲಿ ಸೂಜಿಗೆ ದಾರ ಪೋಣಿಸುವವನ ಹಾಗೆ.
ಅವಳ ಮಗ ಎಂಥ ಅಂಗಿ ಹೊಲಿಯುತ್ತಿದ್ದ ಎಂಬುದು
ನಾನೂರ ಹನ್ನೆರಡು ಪುಟದಲ್ಲಿ ಎಲ್ಲೂ ಸಿಗಲಿಲ್ಲ. ಹುಡುಕಿದೆ.

ಕೊನೆಗೆ ಕೃತಜ್ಞತೆಯ ಪುಟ.
ಮಾರ್ಗದರ್ಶಕರು, ಗ್ರಂಥಪಾಲಕರು,
ಟ್ಯಾನರಿ ರಸ್ತೆಯ ಮದರಸದಲ್ಲಿ ಹಳೆಯ ಪ್ರತಿಯ
ಗೆದ್ದಲು ಕೊಡವಿ ಕೊಟ್ಟ ನಿಸಾರುದ್ದೀನ್ ಹಜರತ್.
‘ನಿಮ್ಮ ಹೆಸರೂ ಹಾಕಿ.’ ಹಾಕಿದೆ.
‘ಟೈಪಿಂಗ್ ಯಾರಿಂದ ಕಲಿತಿರಿ?’
ಕಾಟನ್‌ಪೇಟೆಯ ಅಂಬುಜಮ್ಮ.
ಬೆರಳು ತಪ್ಪಿದರೆ ಅಡಿಪಟ್ಟಿಯಲ್ಲಿ ಏಟು.
‘ಅವರು?’
ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರಿಂದ, ಡೇವಿಡಪ್ಪ ಅಂತ.
‘ಅವರು?’
ಗೊತ್ತಿಲ್ಲ ಮೇಡಂ.
‘ಹಾಗೇ ಬರೀರಿ. ಗೊತ್ತಿಲ್ಲ ಅನ್ನೋದು
ಅರ್ಧ ವಿದ್ಯೆ ಅಂತಿದ್ದರು ಹಳಬರು.’

ಉಳಿದರ್ಧ ಯಾವುದು ಅಂತ ಕೇಳಬೇಕಿತ್ತು.
ಅಷ್ಟರಲ್ಲಿ ಕೆಳಗಿನಿಂದ ಬೈಂಡರ್ ಕೂಗಿದ,
ರಟ್ಟು ಕಪ್ಪೋ ಹಸಿರೋ ಎಂದು.
ಅವರು ಮೆಟ್ಟಿಲಿಳಿದರು.
ನಾನು ನನ್ನ ಹೆಸರಿನ ನೆತ್ತಿಗೆ ಪುಟ್ಟದೊಂದು ಅಂಕಿ ಕೂರಿಸಿ
ಪುಟದ ಅಡಿಗೆ ಇಳಿದೆ.